ನಿಯಮ ಹಿಡಿದವರ ಮಾತು

ವಿಂಧ್ಯದ ಅರಣ್ಯದಲ್ಲಿ ಖದಿರಸಾರನೆಂಬ ಕಿರಾತನಿದ್ದ. ಒಂದು ದಿನ ಅವನಿಗೆ ಸಮಾಧಿಗುಪ್ತ ಮುನಿಗಳ ದರ್ಶನವಾಯಿತು. ವಂದಿಸಿದವನಿಗೆ ಮುನಿಗಳು ಧರ್ಮಲಾಭವಾಗಲೆಂದು ಹರಸಿದರು. ಧರ್ಮವೆಂದರೇನು, ಅದರಿಂದ ದೊರೆಯುವ ಲಾಭವೇನು ಎಂದು ಕಿರಾತ ಕೇಳಿದ. ಮದ್ಯ, ಮಾಂಸ, ಮಧುಗಳನ್ನು ತ್ಯಜಿಸುವುದು ಧರ್ಮವೆಂಬ ಉತ್ತರ ಬಂದಾಗ, ಅದು ತನ್ನಿಂದ ಆಗದ ಕೆಲಸವೆಂದು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟ. ಮುನಿಗಳು ಬೇಸರಿಸಲಿಲ್ಲ, ನರಕದ ಭಯವನ್ನೂ ತೋರಿಸಲಿಲ್ಲ. ಎಂದಾದರೂ ಕಾಗೆಯ ಮಾಂಸವನ್ನು ತಿಂದದ್ದುಂಟೇ ಎಂದಷ್ಟೇ ವಿಚಾರಿಸಿದರು. ಕಿರಾತ ನೆನಪು ಮಾಡಿಕೊಂಡು ಇಲ್ಲವೆಂದ. ಹಾಗಾದರೆ ಅದೊಂದನ್ನು ತಿನ್ನುವುದಿಲ್ಲವೆಂಬ ವ್ರತವನ್ನು ಹಿಡಿ ಎಂದರು. ಅವನು ಸಂತೋಷದಿಂದ ಒಪ್ಪಿದ.

ಎಂದೂ ತಿನ್ನದಿದ್ದುದನ್ನು ಬಿಡುವ ವ್ರತ ಕೇಳುವವರಿಗೆ ಮಕ್ಕಳಾಟದಂತೆ ಕಂಡೀತು. ಆದರೆ ಮುಂದೆ ಖದಿರಸಾರನಿಗೆ ಗುಣವಾಗದ ಕಾಯಿಲೆ ಬಂತು. ಕಾಗೆಯ ಮಾಂಸವೇ ಮದ್ದೆಂದು ವೈದ್ಯರು ಹೇಳಿದರು. ಅವನು ತಿನ್ನಲಿಲ್ಲ. ಕೊನೆಗೆ ಎಲ್ಲ ಮಾಂಸವನ್ನೂ ತ್ಯಜಿಸಿ, ಶ್ರಾವಕನ ವ್ರತಗಳನ್ನು ಹಿಡಿದು ದೇಹ ಬಿಟ್ಟ. ದೇವಗತಿಯನ್ನು ಕಳೆದು ಮಗಧದಲ್ಲಿ ಶ್ರೇಣಿಕ ಮಹಾರಾಜನಾಗಿ ಹುಟ್ಟಿದವನು ಅವನೇ. ಗುಣಭದ್ರಾಚಾರ್ಯರ ಉತ್ತರಪುರಾಣ ಹೇಳುವ ಈ ಕಥೆ ದೂರದ ವಿಂಧ್ಯದ್ದಾದರೂ, ಆ ಪುರಾಣ ಪೂಜೆಗೊಂಡದ್ದು ಕನ್ನಡ ನಾಡಿನ ಬಂಕಾಪುರದಲ್ಲಿ, ಶಕವರ್ಷ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ. ಹೊನ್ನಾಳಿಯ ತುಂಗಭದ್ರೆಯನ್ನು ದಾಟಿ ಹಾವೇರಿಯ ದಿಕ್ಕಿಗೆ ಹೊರಟವರಿಗೆ ಬಂಕಾಪುರ ಅಷ್ಟೇನೂ ದೂರದ ಊರಲ್ಲ.

ಈ ಕಥೆಯನ್ನು ಕೇಳಿ, ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡುವುದೇ ವ್ರತವೆಂದು ತಿಳಿಯುವವರೂ ಇದ್ದಾರೆ. ಅದು ಕಥೆಯ ಅರ್ಥವಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಔಷಧವನ್ನು ಸೇರಿಸಿದ ಧರ್ಮವಿದು. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೇ ರಚಿಸಿ, ಮದ್ಯ ಮಾಂಸ ಮಧುಗಳಿಲ್ಲದೆಯೂ ಚಿಕಿತ್ಸೆ ಸಾಧ್ಯವೆಂದು ವಾದಿಸಿದರು. ಮದ್ದನ್ನು ಬಿಡಿ ಎಂದು ಅವರು ಹೇಳಲಿಲ್ಲ. ಮದ್ದನ್ನು ಬೇರೆ ದಾರಿಯಲ್ಲಿ ಹುಡುಕಿದರು.

ಸಮಾಧಿಗುಪ್ತ ಮುನಿಗಳ ಆ ಒಂದು ಪ್ರಶ್ನೆ ಇಂದು ದಾವಣಗೆರೆ ಜಿಲ್ಲೆಯ ಕಾಲೇಜುಗಳಲ್ಲಿ ಕೇಳಿಸಬೇಕಾಗಿದೆ. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಮಕ್ಕಳು ಪದವಿ ಓದುತ್ತಾರೆ. ಆರೋಗ್ಯಕರ ಜೀವನಶೈಲಿಯ ಸಂದೇಶವನ್ನು ಊರೂರಿಗೆ ಒಯ್ಯುವ ಕೆಲಸಕ್ಕೆ ಇಂಥ ತರುಣ ತರುಣಿಯರನ್ನು ಸಜ್ಜುಗೊಳಿಸುವ ದಾರಿಗಳು ಈಗಾಗಲೇ ಇವೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಬೆಂಗಳೂರಿನ ನಿಮ್ಹಾನ್ಸ್ ಜೊತೆಗೂಡಿ ‘ಯುವ ಸ್ಪಂದನ’ ಕಾರ್ಯಕ್ರಮವನ್ನು ನಡೆಸುತ್ತಿದೆ. ಅದರಲ್ಲಿ ತರಬೇತಿ ಪಡೆದ ಯುವ ಪರಿವರ್ತಕರು ತಮ್ಮದೇ ವಯಸ್ಸಿನವರ ಬಳಿ ಹೋಗಿ ಆರೋಗ್ಯ, ಓದು, ಸಂಬಂಧ, ದುಶ್ಚಟಗಳ ವಿಷಯ ಮಾತನಾಡುತ್ತಾರೆ. 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರಂತೂ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಿ, ಏಳು ದಿನ ಹಳ್ಳಿಯಲ್ಲಿ ಬಿಡಾರ ಹೂಡುತ್ತಾರೆ.

ವ್ಯವಸ್ಥೆ ಒಳ್ಳೆಯದು. ಆದರೆ ಕಾಲೇಜುಗಳಲ್ಲಿ ನಡೆಯುವ ಜಾಗೃತಿ ಕಾರ್ಯಕ್ರಮದ ರೂಪ ಎಲ್ಲರಿಗೂ ಪರಿಚಿತ. ವೇದಿಕೆ, ಬ್ಯಾನರು, ಗಿಡಕ್ಕೆ ನೀರೆರೆದು ಉದ್ಘಾಟನೆ, ರೋಗಗಳ ದೊಡ್ಡ ಪಟ್ಟಿ, ಕೊನೆಗೆ ಬಲಗೈ ಮುಂದೆ ಚಾಚಿ ಎಲ್ಲರೂ ಒಟ್ಟಿಗೆ ಹೇಳುವ ಪ್ರತಿಜ್ಞೆ. ಪ್ರತಿಜ್ಞೆಯ ಮಾತು ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನವರು ಬಾಗಿಲು ದಾಟಿರುತ್ತಾರೆ. ಜೈನ ಆಚಾರಶಾಸ್ತ್ರದ ದೃಷ್ಟಿಯಲ್ಲಿ ಇದನ್ನು ವ್ರತವೆಂದು ಕರೆಯಲಾಗದು. ವ್ರತಕ್ಕೆ ಹಿಡಿಯುವವನ ಹೆಸರು ಬೇಕು. ಬಿಡುವ ವಸ್ತು ಯಾವುದು, ಎಷ್ಟು, ಎಲ್ಲಿ, ಎಷ್ಟು ಕಾಲ ಎಂಬುದು ತಿಳಿದಿರಬೇಕು. ಎಲ್ಲ ಕೆಟ್ಟದ್ದನ್ನೂ ಎಂದೆಂದಿಗೂ ಬಿಡುತ್ತೇವೆಂದು ನೂರು ಮಂದಿ ಒಕ್ಕೊರಲಿನಿಂದ ಹೇಳಿದರೆ ಒಬ್ಬನೂ ಏನನ್ನೂ ಬಿಟ್ಟಂತಾಗುವುದಿಲ್ಲ.

ಸಮಂತಭದ್ರಾಚಾರ್ಯರು ಶ್ರಾವಕಾಚಾರವನ್ನು ನಿರೂಪಿಸುವಾಗ ಭೋಗೋಪಭೋಗ ಪರಿಮಾಣವೆಂಬ ವ್ರತದಲ್ಲಿ ಎರಡು ಬಗೆಯನ್ನು ಮಾಡಿದ್ದಾರೆ. ಕಾಲದ ಮಿತಿಯಿಟ್ಟು ಬಿಡುವುದು ನಿಯಮ. ಬದುಕಿರುವವರೆಗೆ ಬಿಡುವುದು ಯಮ. ನಿಯಮದ ಅವಧಿ ಒಂದು ಹಗಲಿರಬಹುದು, ಒಂದು ರಾತ್ರಿಯಿರಬಹುದು, ಪಕ್ಷ, ಮಾಸ, ಋತು ಅಥವಾ ಆರು ತಿಂಗಳ ಅಯನವೇ ಇರಬಹುದು. ಗೃಹಸ್ಥನ ದುರ್ಬಲತೆಯನ್ನು ಬಲ್ಲ ಆಚಾರ್ಯರ ಕರುಣೆ ಈ ವಿಭಾಗದಲ್ಲಿದೆ. ಇಂದು ಒಂದು ದಿನ ಬಿಟ್ಟವನು ನಾಳೆ ಪಕ್ಷವನ್ನು ಯೋಚಿಸಬಲ್ಲ. ಇದು ಈ ನಾಲ್ಕು ತಾಲ್ಲೂಕುಗಳ ಜನರಿಗೆ ಹೊಸದೇನೂ ಅಲ್ಲ. ಅಯ್ಯಪ್ಪನ ಮಾಲೆ ಧರಿಸಿದ ದಿನದಿಂದ 41 ದಿನ ಬೀಡಿ, ಮದ್ಯಗಳನ್ನು ಮುಟ್ಟದ ಗಂಡಸರು ಪ್ರತಿ ಊರಿನಲ್ಲಿಯೂ ಇದ್ದಾರೆ. ಸಂತ ಸೇವಾಲಾಲರ ಜನ್ಮಕ್ಷೇತ್ರವೆಂದು ಬಂಜಾರರು ಪೂಜಿಸುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿಯೇ ಇದೆ. ಅಲ್ಲಿಗೂ ಮಾಲಾಧಾರಿಗಳು ವ್ರತ ಹಿಡಿದು ಬರುತ್ತಾರೆ. ಬಿಡುವ ಶಕ್ತಿ ತಮ್ಮಲ್ಲಿದೆ ಎಂಬುದನ್ನು ಈ ಜನ ವರ್ಷಕ್ಕೊಮ್ಮೆ ತಮಗೆ ತಾವೇ ತೋರಿಸಿಕೊಳ್ಳುತ್ತಾರೆ. ತರಬೇತಿ ಪಡೆದ ವಿದ್ಯಾರ್ಥಿ ಆ ಶಕ್ತಿಯನ್ನು ನೆನಪಿಸಿದರೆ ಸಾಕು. ಮಾಲೆ ತೆಗೆದ ಮರುದಿನ ಏನಾಯಿತು ಎಂದು ಕೇಳಿ, ಉತ್ತರ ಬರುವವರೆಗೆ ಕಾದರೆ ಇನ್ನೂ ಒಳ್ಳೆಯದು.

ಇಷ್ಟು ಹೇಳಿದ ಮೇಲೆ ಚನ್ನಗಿರಿಯ ಕಷ್ಟಕ್ಕೆ ಬರಬೇಕು. ಚನ್ನಗಿರಿ ಅಡಿಕೆಯ ಸೀಮೆ. ಹೊನ್ನಾಳಿ, ನ್ಯಾಮತಿಗಳಲ್ಲಿಯೂ ತೋಟಗಳು ಬೆಳೆದಿವೆ. ಕೊಯ್ಲಿನ ಕಾಲದಲ್ಲಿ ಸುಲಿಯುವ, ಬೇಯಿಸುವ, ಒಣಗಿಸುವ ಕೆಲಸದಲ್ಲಿ ಮನೆಮಂದಿಯೆಲ್ಲ ತೊಡಗುತ್ತಾರೆ. ಪೇಟೆಯಲ್ಲಿ ರಾಶಿ ಇಡಿಯ ದರ ಏರಿದರೆ ಮದುವೆ, ಇಳಿದರೆ ಸಾಲ. ಅನೇಕ ವಿದ್ಯಾರ್ಥಿಗಳ ಕಾಲೇಜು ಶುಲ್ಕ ಆ ಮೂಟೆಗಳಿಂದಲೇ ಬಂದಿರುತ್ತದೆ. ಅಂಥ ಮನೆಯ ಮಗನೋ ಮಗಳೋ ತರಬೇತಿ ಮುಗಿಸಿ ತನ್ನ ಊರಿನ ಅರಳಿಕಟ್ಟೆಯ ಬಳಿ ನಿಂತು ಗುಟ್ಕಾ ಬಿಡಿ ಎಂದು ಹೇಳಬೇಕಾಗುತ್ತದೆ. ಕಟ್ಟೆಯ ಮೇಲೆ ಕುಳಿತವರಲ್ಲಿ ಒಬ್ಬರು, ನಿಮ್ಮಪ್ಪನ ತೋಟದ್ದೇ ಇದು, ಮೊದಲು ಅದನ್ನು ಕಡಿಸು ಎಂದರೆ ಮಗು ಏನು ಉತ್ತರಿಸಬೇಕು?

ಈ ಪ್ರಶ್ನೆಯನ್ನು ತರಬೇತಿಯ ಪುಸ್ತಿಕೆ ತಪ್ಪಿಸಿಕೊಂಡು ಹೋಗಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ತನ್ನ 85ನೆಯ ಸಂಪುಟದಲ್ಲಿ ಅಡಿಕೆಯನ್ನೇ, ತಂಬಾಕು ಬೆರೆಯದಿದ್ದಾಗಲೂ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪದೆ, ಶುದ್ಧ ಅಡಿಕೆಗೂ ಕಲಬೆರಕೆಯ ಪೊಟ್ಟಣಕ್ಕೂ ಭೇದವಿದೆಯೆಂದು ವಾದಿಸುತ್ತಿವೆ. ವಾದ ಏನೇ ಇರಲಿ, ಪೊಟ್ಟಣ ಹರಿದು ದಿನವಿಡೀ ಜಗಿಯುವ ತರುಣನ ಬಾಯಿಯೊಳಗಿನ ಚರ್ಮ ಗಡುಸಾಗುತ್ತ ಹೋಗಿ, ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಒಳಗೆ ಹೋಗದಷ್ಟು ಬಾಯಿ ಕಟ್ಟಿಕೊಳ್ಳುವುದನ್ನು ದಂತವೈದ್ಯರು ಪ್ರತಿದಿನ ನೋಡುತ್ತಾರೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂದಿನಿಂದ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಜೊತೆಜೊತೆಗೆ ತೂಗಾಡತೊಡಗಿದವು. ಬೆರೆಸುವ ಕೆಲಸ ಕೊಳ್ಳುವವನ ಅಂಗೈಗೆ ಬಂತು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇಕಡ 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು.

ಜೈನ ಆಚಾರವಾದರೂ ತಾಂಬೂಲದ ವಿಷಯದಲ್ಲಿ ಏನು ಹೇಳುತ್ತದೆ? ಅದನ್ನು ಮದ್ಯದ ಸಾಲಿನಲ್ಲಿ ನಿಲ್ಲಿಸಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಗೃಹಸ್ಥನ ಆಹಾರವನ್ನು ನಾಲ್ಕಾಗಿ ವಿಂಗಡಿಸುವಾಗ ತಾಂಬೂಲ, ಏಲಕ್ಕಿಗಳು ಸ್ವಾದ್ಯವೆಂಬ ವರ್ಗಕ್ಕೆ ಸೇರುತ್ತವೆ. ಉಪವಾಸದ ದಿನ ನಾಲ್ಕನ್ನೂ ಬಿಡಬೇಕಾದ್ದರಿಂದ ತಾಂಬೂಲವೂ ಬಿಟ್ಟುಹೋಗುತ್ತದೆ. ಸಮಂತಭದ್ರರು ನಿಯಮ ಹಿಡಿಯಬೇಕಾದ ವಸ್ತುಗಳನ್ನು ಎಣಿಸುವಾಗ ಊಟ, ವಾಹನ, ಹಾಸಿಗೆ, ಹೂವುಗಳ ಜೊತೆಗೆ ತಾಂಬೂಲವನ್ನೂ ಹೆಸರಿಸಿದ್ದಾರೆ. ಮದುವೆಯ ಮನೆಯಲ್ಲಿ ಹಿರಿಯರ ಮುಂದೆ ತಟ್ಟೆಯಲ್ಲಿಟ್ಟ ಎಲೆ ಅಡಿಕೆ ಗೌರವದ ವಸ್ತು. ಅದಕ್ಕೆ ಹೊತ್ತು ಗೊತ್ತುಗಳಿದ್ದವು. ಜೇಬಿನಲ್ಲಿ ಸದಾ ಇರುವ ಪೊಟ್ಟಣಕ್ಕೆ ಅದೊಂದೂ ಇಲ್ಲ. ವ್ರತದ ಭಾಷೆಯಲ್ಲಿ ಹೇಳುವುದಾದರೆ, ಪರಿಮಾಣ ಕಳೆದುಹೋದದ್ದೇ ಇಲ್ಲಿಯ ದೋಷ. ತೋಟ ಮಾಡಿದ ತಂದೆಯನ್ನು ಅಪರಾಧಿಯನ್ನಾಗಿ ಮಾಡದೆ, ಅಡಿಕೆ ನಿರಪಾಯವೆಂದು ಸುಳ್ಳನ್ನೂ ಆಡದೆ ಮಗು ಹೇಳಬಹುದಾದ ಮಾತು ಇದೇ. ಕಟ್ಟೆಯಲ್ಲಿ ಕುಳಿತವರಿಗೆ ಅದು ತೃಪ್ತಿ ಕೊಡದಿರಬಹುದು. ಮಗುವಿಗೂ ಪೂರ್ಣ ತೃಪ್ತಿ ಸಿಗದು. ಬೆಳೆ ಬದಲಿಸುವ ಪ್ರಶ್ನೆ ಒಬ್ಬ ವಿದ್ಯಾರ್ಥಿಯ ಹೆಗಲಿಗೆ ಹೊರೆಸುವಂಥದ್ದಲ್ಲ. ಆದರೂ ಆ ಮಾತನ್ನು ಆಡುವ ಮೊದಲು ಆ ಮಗು ತಾನೊಂದು ನಿಯಮ ಹಿಡಿದಿರಬೇಕು. ತೋಟದ ಮನೆಯಲ್ಲಿದ್ದೂ ಈ ಋತು ಮುಗಿಯುವವರೆಗೆ ಒಂದು ಹೋಳು ಬಾಯಿಗೆ ಹಾಕಿಲ್ಲ ಎಂದು ಹೇಳುವವನ ಎದುರು ಕಟ್ಟೆ ಸ್ವಲ್ಪ ಹೊತ್ತಾದರೂ ಸುಮ್ಮನಾಗುತ್ತದೆ.

ಕಾಲೇಜಿನ ಗೇಟಿನ ಬಳಿ ನಡೆಯುವ ಇನ್ನೊಂದು ವ್ಯವಹಾರವಿದೆ. ಶಿಕ್ಷಣ ಸಂಸ್ಥೆಯ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ವಿಧಿಸಿದೆ. ಆದರೆ ಮೊದಲ ಪೊಟ್ಟಣವನ್ನು ಹೆಚ್ಚಿನ ಹುಡುಗರು ಅಂಗಡಿಯಿಂದ ಕೊಳ್ಳುವುದಿಲ್ಲ. ಗೆಳೆಯನ ಕೈಯಿಂದ ಪಡೆಯುತ್ತಾರೆ. ಕೊಡುವುದೇ ಗೆಳೆತನ, ಬೇಡವೆನ್ನುವುದು ಅವಮಾನ. ಅನರ್ಥದಂಡವೆಂದು ಶಾಸ್ತ್ರ ಕರೆಯುವ, ತನಗೂ ಪರರಿಗೂ ಪ್ರಯೋಜನವಿಲ್ಲದ ಐದು ಪಾಪಗಳಲ್ಲಿ ಹಿಂಸಾದಾನ ಒಂದು. ಆಯುಧ, ಬೆಂಕಿ, ವಿಷ ಮೊದಲಾದ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು ಅದರ ಲಕ್ಷಣ. ಗೆಳೆಯನಿಗೆ ಸಲುಗೆಯಿಂದ ಚಾಚುವ ಪೊಟ್ಟಣವನ್ನು ಇದೇ ಸಾಲಿನಲ್ಲಿಟ್ಟು ನೋಡುವುದು ಕಠೋರವೆನಿಸಬಹುದು; ತಪ್ಪಲ್ಲ. ತಿನ್ನುವುದನ್ನು ಬಿಡಲಾರದ ವಿದ್ಯಾರ್ಥಿಯೂ ಇನ್ನೊಬ್ಬನಿಗೆ ಕೊಡುವುದನ್ನು ಬಿಡಬಲ್ಲ. ಅವನ ಪಾಲಿಗೆ ಅದೇ ಕಾಗೆಯ ಮಾಂಸ. ತರಬೇತಿ ಪಡೆದವನು ಇಂಥದ್ದನ್ನು ಹುಡುಕಿ ಕೇಳಬೇಕು.

ಮಾಂಸಾಹಾರದ ವಿಷಯದಲ್ಲಿಯೂ ಮುನಿಗಳ ಕ್ರಮವೇ ಮಾರ್ಗ. ಈ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಜೈನರಲ್ಲ. ಅವರು ಹೋಗುವ ಮನೆಗಳೂ ಜೈನರ ಮನೆಗಳಲ್ಲ. ಅಹಿಂಸೆಯನ್ನು ನಂಬುವವರು ತಮ್ಮ ನಂಬಿಕೆಯನ್ನು ಬಚ್ಚಿಡಬೇಕಾಗಿಲ್ಲ, ಆದರೆ ಉಣ್ಣುವವನ ತಟ್ಟೆಯನ್ನು ನೋಡಿ ಮೂಗು ಮುರಿಯುವುದು ಕೂಡ ಹಿಂಸೆಯೇ. ಜೈನರ ಅಡುಗೆಮನೆಗಳಾದರೂ ನಿರ್ದೋಷವೇ? ಸಮಾರಂಭದ ಊಟದಲ್ಲಿ ಮಾಂಸವಿಲ್ಲ, ಗಡ್ಡೆಯಿಲ್ಲ. ಎಣ್ಣೆ, ಸಕ್ಕರೆ, ಉಪ್ಪುಗಳಿಗೆ ಲೆಕ್ಕವಿಲ್ಲ. ಬಾಹ್ಯತಪಗಳಲ್ಲಿ ನಾಲ್ಕನೆಯದಾದ ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರನ್ನು ಎಣಿಸುತ್ತಾರೆ. ವಾರದ ಒಂದೊಂದು ದಿನ ಒಂದೊಂದು ರಸವನ್ನು ಬಿಡುವ ಪದ್ಧತಿ ಅನೇಕ ಶ್ರಾವಕರ ಮನೆಗಳಲ್ಲಿ ಇತ್ತು, ಈಗ ಅಜ್ಜಿಯರ ಮಟ್ಟಿಗೆ ಉಳಿದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಜ್ಜಿಯ ಭಾನುವಾರದ ಉಪ್ಪಿಲ್ಲದ ಊಟವನ್ನು ನೋಡಿ ನಕ್ಕ ಮೊಮ್ಮಗ ಮೂವತ್ತೈದಕ್ಕೇ ರಕ್ತದೊತ್ತಡದ ಮಾತ್ರೆ ನುಂಗುವುದನ್ನು ಕಂಡ ಮನೆಗಳು ಕಡಿಮೆಯಿಲ್ಲ.

ಹೊಟ್ಟೆ ತುಂಬುವ ಮೊದಲೇ ಕೈತೊಳೆಯುವ ಅವಮೌದರ್ಯವೂ ಬಾಹ್ಯತಪವೇ. ಪುರುಷನಿಗೆ 32, ಸ್ತ್ರೀಗೆ 28 ತುತ್ತುಗಳೆಂದು ಪೂರ್ಣಾಹಾರವನ್ನು ಲೆಕ್ಕಹಾಕಿ, ಅದರಲ್ಲಿ ಒಂದು ತುತ್ತು ಕಡಿಮೆಯಾದರೂ ತಪವೆಂದಿದ್ದಾರೆ. ರಾತ್ರಿಭೋಜನ ತ್ಯಾಗವನ್ನು ಮಾತ್ರ ಆರೋಗ್ಯದ ಹೆಸರಿನಲ್ಲಿ ಮಾರುವ ಉತ್ಸಾಹವನ್ನು ಸ್ವಲ್ಪ ತಗ್ಗಿಸಬೇಕು. ದೀಪಕ್ಕೆ ಬಂದು ಬೀಳುವ ಸೂಕ್ಷ್ಮಜೀವಿಗಳ ಮೇಲಿನ ಕರುಣೆ ಅದರ ಮೂಲ. ದೇಹಕ್ಕೆ ಹಗುರವಾಗುವುದು ಜೊತೆಗೆ ಬಂದ ಫಲ. ಹಾಸ್ಟೆಲಿನಲ್ಲಿ ರಾತ್ರಿ ಎಂಟೂವರೆಗೆ ಊಟದ ಗಂಟೆ ಬಾರಿಸುವಾಗ ಪೂರ್ಣ ವ್ರತ ಕಷ್ಟ. ವಾರಕ್ಕೊಂದು ದಿನದ ನಿಯಮ ಕಷ್ಟವಲ್ಲ.

ಜಗಳೂರಿಗೆ ಹೋದಾಗ ಈ ಉಪದೇಶಗಳೆಲ್ಲ ತಬ್ಬಿಬ್ಬಾಗುತ್ತವೆ. ಅದು ಮಳೆ ಕಡಿಮೆಯ ಸೀಮೆ. ಕೊಳವೆಬಾವಿ ಆಳಕ್ಕಿಳಿದಂತೆ ನೀರಿನಲ್ಲಿ ಫ್ಲೋರೈಡ್ ಕಾಣಿಸಿಕೊಂಡ ಹಳ್ಳಿಗಳು ಅಲ್ಲಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವಿಲ್ಲದಾಗ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಮೂಳೆ ಕೀಲುಗಳು ಬಿಗಿಯುತ್ತವೆ. ಅಂಥ ಹಳ್ಳಿಯ ಹಿರಿಯರೊಬ್ಬರ ಮುಂದೆ ನಿಂತು ಬೆಳಗ್ಗೆ ಅರ್ಧ ಗಂಟೆ ನಡೆಯಿರಿ, ಯೋಗ ಮಾಡಿರಿ ಎಂದು ಹೇಳುವ ವಿದ್ಯಾರ್ಥಿಗೆ ಪಾಪದ ಅರಿವಿರಬೇಕು. ಅವರ ಮೊಣಕಾಲಿನ ನೋವಿಗೆ ಅವರ ಜೀವನಶೈಲಿ ಕಾರಣವಲ್ಲ. ಜೀವಿಗಳು ಒಂದಕ್ಕೊಂದು ಆಸರೆಯಾಗಿವೆಯೆಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ತಿಳಿಸಿದ ತತ್ತ್ವಕ್ಕೆ ಇಲ್ಲಿ ಉಪದೇಶಕ್ಕಿಂತ ಬೇರೆ ಅರ್ಥ ಬೇಕು: ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಒಯ್ಯುವುದು, ಫಲಿತಾಂಶವನ್ನು ಊರಿಗೆ ಓದಿ ಹೇಳುವುದು, ಕೆಟ್ಟುನಿಂತ ಶುದ್ಧೀಕರಣ ಘಟಕದ ವಿಷಯವನ್ನು ಪಂಚಾಯಿತಿಗೆ ಮುಟ್ಟಿಸುವುದು. ಆಂತರಿಕ ತಪಗಳಲ್ಲಿ ವೈಯಾವೃತ್ಯವೆಂಬ ಸೇವೆಗೆ ಸ್ಥಾನವಿದೆ. ದಣಿದ ಕಾಲನ್ನು ಒತ್ತುವಷ್ಟಕ್ಕೇ ಅದನ್ನು ಸೀಮಿತಗೊಳಿಸಬೇಕಾಗಿಲ್ಲ. ತುಂಗಭದ್ರೆಯ ನೀರಿನಿಂದ ಜಗಳೂರಿನ ಕೆರೆಗಳನ್ನು ತುಂಬಿಸುವ ಯೋಜನೆಗೆ ಆ ಜನ ಎಷ್ಟು ವರ್ಷ ಕಾದರೆಂಬುದನ್ನು ನೆನೆದರೆ, ಅಲ್ಲಿ ಆರೋಗ್ಯದ ಮಾತು ನೀರಿನಿಂದಲೇ ಆರಂಭವಾಗಬೇಕೆಂಬುದು ತಿಳಿಯುತ್ತದೆ.

ನಿಯಮ ಹಿಡಿದವರೆಲ್ಲ ಉಳಿಸಿಕೊಳ್ಳುವುದಿಲ್ಲ. ಹತ್ತು ದಿನ ಬಿಟ್ಟು ಹನ್ನೊಂದನೆಯ ದಿನ ಮತ್ತೆ ಜಗಿಯುವವನನ್ನು ಏನು ಮಾಡಬೇಕು? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೆಂದರೆ ಇನ್ನೊಬ್ಬರ ದೋಷವನ್ನು ಬಯಲಿಗೆಳೆಯದಿರುವುದು. ಸ್ಥಿತಿಕರಣವೆಂದರೆ ಜಾರಿದವರನ್ನು ಮರಳಿ ನಿಲ್ಲಿಸುವುದು. ತನ್ನ ಬಳಿ ಹೇಳಿಕೊಂಡ ಗೆಳತಿಯ ದುಃಖವನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಂಚದಿರುವುದು ಈ ಕಾಲದ ಉಪಗೂಹನ. ಸ್ಥಿತಿಕರಣಕ್ಕೆ ಉದಾಹರಣೆಯಾಗಿ ನಿಂತವನು ಅದೇ ಶ್ರೇಣಿಕನ ಮಗ ವಾರಿಷೇಣ. ಅವನ ಪ್ರೇರಣೆಯಿಂದ ದೀಕ್ಷೆ ಪಡೆದ ಗೆಳೆಯ ಪುಷ್ಪಡಾಲ ಹನ್ನೆರಡು ವರ್ಷ ಕಳೆದರೂ ಬಿಟ್ಟುಬಂದ ಹೆಂಡತಿಯನ್ನು ಮನಸ್ಸಿನಲ್ಲಿ ಹೊತ್ತುಕೊಂಡೇ ಇದ್ದ. ವಾರಿಷೇಣ ಮುನಿ ಅವನನ್ನು ಬೈಯಲಿಲ್ಲ, ಸಂಘದ ಮುಂದೆ ನಿಲ್ಲಿಸಲಿಲ್ಲ. ತನ್ನ ಅರಮನೆಗೆ ಕರೆದೊಯ್ದು, ತಾನು ತೊರೆದ ವೈಭವವನ್ನೂ ಪತ್ನಿಯರನ್ನೂ ಕಣ್ಣಾರೆ ತೋರಿಸಿದ. ಪುಷ್ಪಡಾಲ ತಾನಾಗಿಯೇ ನಾಚಿ, ಮನಸ್ಸನ್ನು ಗಟ್ಟಿಮಾಡಿಕೊಂಡ. ತಾನು ಬಿಟ್ಟದ್ದನ್ನು ತೋರಿಸಬಲ್ಲವನಿಗೆ ಮಾತ್ರ ಈ ದಾರಿ ತೆರೆದಿತ್ತು.

ಸೇವಾ ಯೋಜನೆಯ ಶಿಬಿರದ ಏಳು ದಿನಗಳಲ್ಲಿ ಮೊದಲ ದಿನವನ್ನು ಊರಿನವರಿಗೆ ಕೊಡದೆ ವಿದ್ಯಾರ್ಥಿಗಳಿಗೇ ಕೊಟ್ಟರೆ ಚೆನ್ನು. ಆ ಸಂಜೆ ಪ್ರತಿಯೊಬ್ಬರೂ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಒಂದು ವಸ್ತುವಿನ ಹೆಸರು ಮತ್ತು ಒಂದು ತಾರೀಖನ್ನು ಬರೆದುಕೊಳ್ಳಲಿ, ಯಾರಿಗೂ ತೋರಿಸಬೇಕಾಗಿಲ್ಲ. ಎರಡನೆಯ ದಿನದಿಂದ ಮನೆಮನೆಗೆ ಹೋಗುವಾಗ ಅವರ ಚೀಲದಲ್ಲಿ ಕರಪತ್ರಗಳು ಕಡಿಮೆಯಿದ್ದರೂ ನಡೆಯುತ್ತದೆ. ತಂಬಾಕು ಬಿಡಲು ಮನಸ್ಸು ಮಾಡಿದವರಿಗೆ ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356, ಮನಸ್ಸು ಕುಗ್ಗಿದವರಿಗಾಗಿ ಇರುವ ಟೆಲಿ ಮಾನಸ್ 14416, ಇವೆರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಗಳು ಮಾತ್ರ ಸಾಕಷ್ಟಿರಲಿ. ಅರಳಿಕಟ್ಟೆಯಲ್ಲಿ ಕುಳಿತು ಗೇಲಿ ಮಾಡಿದ ಹಿರಿಯರೇ ಶಿಬಿರ ಮುಗಿಯುವ ಮುನ್ನ, ಯಾರೂ ಇಲ್ಲದ ಹೊತ್ತು ನೋಡಿ ಬಂದು, ಅಂಥದೊಂದು ಚೀಟಿಯನ್ನು ಮಗನಿಗೆಂದು ಕೇಳಿ ಪಡೆಯಬಹುದು.